ಮೊದಲ ಬ್ಯಾಚ್ ಸೋಪು: ಮೇಲೆ ಎಣ್ಣೆ, ಒಳಗೆ ಬಿಳಿ ಗಂಟು. ರೀಬ್ಯಾಚ್ (ಪುಡಿ ಮಾಡಿ ಮತ್ತೆ ಕಾಯಿಸಿ ಅಚ್ಚಿಗೆ ಹಾಕುವುದು) ಮಾಡಿದರೆ ಸರಿ ಹೋಗುತ್ತಾ?

ಬೀದರ್_ಹೊಸಬ

ನಮಸ್ಕಾರ್ರಿ. ಕೋಲ್ಡ್ ಪ್ರೋಸೆಸ್ (ಕುದಿಸದೇ ಮಾಡೋ) ಸೋಪು, ಮೊದಲನೇ ಬ್ಯಾಚು. ಕೊಬ್ಬರಿ ಎಣ್ಣೆ 400 ಮಿ.ಲೀ., ಗಾಣದ ಕುಸುಬಿ ಎಣ್ಣೆ 500 ಮಿ.ಲೀ., ಔಡಲ ಎಣ್ಣೆ 100 ಮಿ.ಲೀ., ಕಾಸ್ಟಿಕ್ ಸೋಡಾ 146 ಗ್ರಾಂ, ನೀರು 300 ಮಿ.ಲೀ. ಸೋಪಿನ ಕ್ಯಾಲ್ಕ್ಯುಲೇಟರ್‌ನಾಗ 400-500-100 ಹಾಕಿ 5% ಸೂಪರ್‌ಫ್ಯಾಟ್ (ಸೋಪಾಗದೆ ಉಳಿಯೋ ಎಣ್ಣೆ) ಇಟ್ಟಾಗ ಈ 146 ಬಂತು. ಬೆಳಿಗ್ಗೆ ಚಳಿ ಇತ್ತು, ಕೊಬ್ಬರಿ ಎಣ್ಣೆ ಅರ್ಧ ಗಟ್ಟಿಯಾಗಿತ್ತು, ಹಂಗೇ ಹಾಕಿ ಚಮಚದಿಂದ ತಿರುವಿದೆ. ಹತ್ತೇ ನಿಮಿಷದಾಗ ದೋಸೆ ಹಿಟ್ಟಿನಂಗ ಆಯ್ತು, ಅಚ್ಚಿಗೆ ಸುರಿದೆ.

ಇವತ್ತು ನಾಲ್ಕನೇ ದಿನ. ಮೇಲೆ ಎಣ್ಣೆ ನಿಂತದ, ಕತ್ತರಿಸಿದರೆ ಪುಡಿಪುಡಿ ಆಗ್ತದ, ಒಳಗ ಬಿಳಿ ಗಂಟು ಅದಾವ, ತಳದಾಗ ನೀರು ಜಿನುಗ್ಯಾದ. ಅರಿಶಿನ ಹಚ್ಚಿ ನೋಡಿದೆ, ಕೆಂಪಗಾಯ್ತು. ಕಾಸ್ಟಿಕ್ ಉಳಿದದ ಅಂತ ಅರ್ಥ ಏನ್ರಿ? ಚೆಲ್ಲಬೇಕೋ, ರೀಬ್ಯಾಚ್ ಮಾಡಬಹುದೋ?

ಭೀಮಾತೀರ

ಕಾಸ್ಟಿಕ್ ಜಾಸ್ತಿ ಆಗಿದ್ದರ ಲಿಂಬಿಹಣ್ಣಿನ ರಸ ಇಲ್ಲಾ ವಿನೆಗರ್ ಹಾಕಿ ಕುದಿಸ್ರಿ. ಹುಳಿ ಬಿದ್ದರ ಕ್ಷಾರ ಹೋಗ್ತದ.

ಗಾಣದೆಣ್ಣೆ

ಚೆಲ್ಲಬ್ಯಾಡ್ರಿ, ಸರಿ ಮಾಡಬಹುದು. ಆದರೆ ಲಿಂಬಿ ರಸ ಬ್ಯಾಡ. ಒಂದು ಹಣ್ಣಿನಲ್ಲಿ ಆಮ್ಲ ಎಷ್ಟಿದೆ ಅಂತ ತೂಕ ಹಾಕಲಿಕ್ಕೆ ಬರುವುದಿಲ್ಲ. ಕಡಿಮೆ ಬಿದ್ದರೆ ಕಾಸ್ಟಿಕ್ ಉಳಿಯುತ್ತದೆ, ಹೆಚ್ಚಾದರೆ ಆಮ್ಲ ಸೋಪನ್ನೇ ಒಡೆದು ಮತ್ತೆ ಜಿಡ್ಡು ಮಾಡುತ್ತದೆ. ಮೇಲೆ ನೀರೂ ಸೇರುತ್ತದೆ. ಕಾಸ್ಟಿಕ್ ಹೆಚ್ಚಾದಾಗ ಎಣ್ಣೆ ಹಾಕುವುದೇ ಸರಿ, ಯಾಕಂದರೆ ಉಳಿದ ಕಾಸ್ಟಿಕ್ ಆ ಎಣ್ಣೆಯ ಜೊತೆ ಸೇರಿ ಸೋಪೇ ಆಗುತ್ತದೆ.

ನಿಮ್ಮಲ್ಲಿ ತಪ್ಪು ಎರಡು.

ಮೊದಲನೆಯದು ಮಿಲಿ ಲೀಟರ್. ಕ್ಯಾಲ್ಕ್ಯುಲೇಟರ್ ಕೇಳುವುದು ಗ್ರಾಂ, ನೀವು ಅಳೆದದ್ದು ಮಿ.ಲೀ. ಎಣ್ಣೆ ನೀರಿಗಿಂತ ಹಗುರ: ಕೊಬ್ಬರಿ, ಕುಸುಬಿ ಎರಡೂ ಮಿ.ಲೀ.ಗೆ ಸುಮಾರು 0.92 ಗ್ರಾಂ, ಔಡಲ 0.96. ಅಂದರೆ ಪಾತ್ರೆಗೆ ಬಿದ್ದದ್ದು ಕೊಬ್ಬರಿ 368, ಕುಸುಬಿ 460, ಔಡಲ 96 ಗ್ರಾಂ. ಒಂದು ಗ್ರಾಂ ಎಣ್ಣೆ ಪೂರ್ತಿ ಸೋಪಾಗಲು ಬೇಕಾಗುವ ಕಾಸ್ಟಿಕ್ ಕೊಬ್ಬರಿಗೆ 0.183, ಕುಸುಬಿಗೆ 0.136, ಔಡಲಕ್ಕೆ 0.128 ಗ್ರಾಂ. ಗುಣಿಸಿ ಕೂಡಿಸಿದರೆ 67.3 + 62.6 + 12.3, ಒಟ್ಟು 142.2. ನೀವು ಹಾಕಿದ್ದು 146. 5% ಎಣ್ಣೆ ಉಳಿಯಬೇಕಿದ್ದ ಕಡೆ ಸುಮಾರು 4 ಗ್ರಾಂ ಕಾಸ್ಟಿಕ್ ಉಳಿದಿದೆ. ಕತ್ತರಿಸಿದರೆ ಪುಡಿಯಾಗುವುದು ಅದರ ಗುರುತು.

ಎರಡನೆಯದು ಸುಳ್ಳು ಟ್ರೇಸ್. ಎಣ್ಣೆ, ಕಾಸ್ಟಿಕ್ ನೀರು ಬೆರೆತು ಸೋಪಾಗತೊಡಗಿ ಗಟ್ಟಿಯಾಗುವ ಹದಕ್ಕೆ ಟ್ರೇಸ್ ಅಂತಾರೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತದೆ, ಬೀದರಿನ ಡಿಸೆಂಬರ್ ಬೆಳಿಗ್ಗೆ ಅದಕ್ಕೆ ಸಾಕು. ನೀವು ಕಂಡ ದೋಸೆ ಹಿಟ್ಟು ಸೋಪಾಗಿ ಗಟ್ಟಿಯಾದದ್ದಲ್ಲ, ಬರೀ ಎಣ್ಣೆ ಹೆಪ್ಪಾದದ್ದು. ಅಚ್ಚಿನೊಳಗೆ ಬೆಚ್ಚಗಾದ ಮೇಲೆ ಎಣ್ಣೆ ಮೇಲೆ ಬಂತು, ಕಾಸ್ಟಿಕ್ ನೀರು ಕೆಳಗಿಳಿಯಿತು. ಚಮಚದಿಂದ ತಿರುವಿದರೆ ಖರೆ ಟ್ರೇಸ್‌ಗೆ ಒಂದು ಗಂಟೆ ಹಿಡಿದರೂ ಆಶ್ಚರ್ಯ ಇಲ್ಲ. ಹತ್ತು ನಿಮಿಷಕ್ಕೇ ಬಂತು ಅಂದರೆ ಅನುಮಾನ ಪಡಬೇಕು.

ಅರಿಶಿನದ ಪರೀಕ್ಷೆ ನಂಬಬ್ಯಾಡ್ರಿ. ಅರಿಶಿನ ಸ್ವಲ್ಪ ಕ್ಷಾರಕ್ಕೇ ಕೆಂಪಾಗುತ್ತದೆ, ಸುಣ್ಣ ಸೇರಿಸಿ ಕುಂಕುಮ ಮಾಡುವುದು ಅದೇ ಗುಣದಿಂದ. ಒಳ್ಳೆಯ ಸೋಪಿನ ಪಿಎಚ್ ಕೂಡ 9ರಿಂದ 10, ಅದಕ್ಕೂ ಕೆಂಪಾಗುತ್ತದೆ. ಬಟ್ಟೆ ಮೇಲಿನ ಸಾರಿನ ಕಲೆ ಸೋಪು ಹಚ್ಚಿದ ಕೂಡಲೇ ಕೆಂಪಾಗುವುದು ಇದಕ್ಕೇ. ಲ್ಯಾಬ್ ಸಾಮಾನು ಮಾರುವವರ ಹತ್ತಿರ ಫಿನಾಲ್ಫ್ಥಲೀನ್ ದ್ರಾವಣ ಸಿಗುತ್ತದೆ. ಕತ್ತರಿಸಿದ ಒಳಮುಖಕ್ಕೆ ಒಂದು ಹನಿ: ಬಣ್ಣ ಇಲ್ಲ ಅಥವಾ ತೆಳು ಗುಲಾಬಿ ಇದ್ದರೆ ಸರಿ, ಗಾಢ ಗುಲಾಬಿ ಬಂದರೆ ಕಾಸ್ಟಿಕ್ ಇದೆ. ಒದ್ದೆ ಬೆರಳನ್ನು ಸೋಪಿಗೆ ಉಜ್ಜಿ ನಾಲಿಗೆ ತುದಿಗೆ ತಾಗಿಸಿ ಚುರುಕ್ ಅನ್ನುತ್ತದಾ ನೋಡುವ ಪದ್ಧತಿಯೂ ಇದೆ. ಆದರೆ ಬಿಳಿ ಗಂಟು ಕಣ್ಣಿಗೇ ಕಾಣುವಾಗ ಅದನ್ನು ಮಾಡಬಾರದು, ಗಂಟು ಅಚ್ಚ ಕಾಸ್ಟಿಕ್ ಆಗಿದ್ದರೆ ನಾಲಿಗೆ ಸುಡುತ್ತದೆ.

ಬೀದರ್_ಹೊಸಬ

ತಿಳೀತ್ರಿ. ಹಂಗಾರ ಎಣ್ಣೆ ಎಷ್ಟು ಹಾಕಬೇಕು? ತಳದಾಗಿನ ನೀರು ಬಸಿದು ಬಿಡಲೇನು?

ಗಾಣದೆಣ್ಣೆ

ಬಸಿದರೆ ಲೆಕ್ಕವೇ ಕೆಡುತ್ತದೆ! ಅದು ಬರೀ ನೀರಲ್ಲ, ಕಾಸ್ಟಿಕ್ ನೀರು. ಮೇಲಿನ ಎಣ್ಣೆ, ಕೆಳಗಿನ ನೀರು, ಪುಡಿ, ಗಂಟು, ಅಚ್ಚಿಗೆ ಅಂಟಿದ್ದು ಎಲ್ಲಾ ಒಂದೇ ಪಾತ್ರೆಗೆ ಬರಬೇಕು.

146 ಗ್ರಾಂ ಕಾಸ್ಟಿಕ್‌ಗೆ 5% ಎಣ್ಣೆ ಉಳಿಯಬೇಕಂದರೆ ಪಾತ್ರೆಯಲ್ಲಿ 153.7 ಗ್ರಾಂ ಕಾಸ್ಟಿಕ್ ಹೀರುವಷ್ಟು ಎಣ್ಣೆ ಬೇಕು. ಇರುವುದು 142.2. ಕೊರತೆ 11.5, ಅದನ್ನು 0.136ರಿಂದ ಭಾಗಿಸಿದರೆ ಕುಸುಬಿ ಎಣ್ಣೆ 85 ಗ್ರಾಂ. ಗ್ರಾಂ ರೀ, ತೂಕದ ಮಷಿನ್ ಮೇಲೆ. ಆದರೆ 85ನ್ನೂ ಒಮ್ಮೆಗೇ ಸುರಿಯಬ್ಯಾಡ್ರಿ. ತೆರೆದಿಟ್ಟ ಕಾಸ್ಟಿಕ್ ಗಾಳಿಯ ತೇವ ಹೀರಿ ಬಲ ಕಳೆದುಕೊಂಡಿರುತ್ತದೆ, ನಿಮ್ಮ 146ರಲ್ಲಿ ನಿಜವಾದ ಕಾಸ್ಟಿಕ್ 140ರ ಕೆಳಗೂ ಇರಬಹುದು. ಮೊದಲು 50 ಗ್ರಾಂ ಹಾಕಿ. ಕಾಸ್ಟಿಕ್ ಪೂರ್ತಿ ಶುದ್ಧ ಇದ್ದರೂ ಅಷ್ಟಕ್ಕೆ ಸುಮಾರು 2% ಎಣ್ಣೆ ಮಿಗುತ್ತದೆ. ಉಳಿದ 35 ಮೈಸೋಪಿಗೆ ಬೇಕಾದರೆ ಕೊನೆಗೆ. ಬಟ್ಟೆ, ಪಾತ್ರೆಗೆ ಬಳಸುವುದಾದರೆ 50ಕ್ಕೇ ನಿಲ್ಲಿಸಿ.

ಮಾಡುವ ರೀತಿ. ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್. ಹದವಾದ ಸೋಪನ್ನು ತುರಿಮಣೆಯಲ್ಲಿ ತುರಿಯಬಹುದು, ನಿಮ್ಮದು ತುರಿದರೆ ಕಾಸ್ಟಿಕ್ ಧೂಳು ಏಳುತ್ತದೆ, ಅದಕ್ಕೆ ಪ್ಲಾಸ್ಟಿಕ್ ಚೀಲದೊಳಗಿಟ್ಟು ಒತ್ತಿ ಪುಡಿ ಮಾಡಿ. ಪಾತ್ರೆ ಸ್ಟೀಲಿನದೇ ಆಗಬೇಕು. ಅಲ್ಯೂಮಿನಿಯಂ, ನಮ್ಮ ಕಡೆ ಜರ್ಮನ್ ಪಾತ್ರೆ ಅಂತೀವಲ್ಲ, ಅದನ್ನು ಕಾಸ್ಟಿಕ್ ತಿಂದು ಹೈಡ್ರೋಜನ್ ಗಾಳಿ ಬಿಡುತ್ತದೆ. ಕಟ್ಟಿಗೆಯ ಕಡಗೋಲೂ ಬ್ಯಾಡ, ನಾರು ಬಿಟ್ಟು ಸೋಪಿನೊಳಗೆ ಸಿಬಿರು ಬೀಳುತ್ತದೆ.

ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ ಅದರೊಳಗೆ ಸ್ಟೀಲ್ ಡಬ್ಬಿ ಇಳಿಸಿ. ನೇರ ಉರಿಗಿಟ್ಟರೆ ತಳ ಹತ್ತುತ್ತದೆ. ಪುಡಿ, 50 ಗ್ರಾಂ ಬೆಚ್ಚನೆ ಎಣ್ಣೆ, 60 ಮಿ.ಲೀ. ಡಿಸ್ಟಿಲ್ಡ್ ವಾಟರ್. ನಾಲ್ಕೇ ದಿನದ ಸೋಪು, ಒಳಗೆ ನೀರು ಇನ್ನೂ ಇದೆ, ಇದಕ್ಕಿಂತ ಹೆಚ್ಚು ಬೇಕಾಗುವುದಿಲ್ಲ. ಮುಚ್ಚಳ ಮುಚ್ಚಿ 75-80 ಡಿಗ್ರಿಯಲ್ಲಿ ಇಡಿ, 15 ನಿಮಿಷಕ್ಕೊಮ್ಮೆ ತಳದಿಂದ ಮೇಲಕ್ಕೆ ಮಗುಚಿ. ಬಡಿದು ಕಲಕಿದರೆ ನೊರೆಯೇಳುತ್ತದೆ, ಆ ಗುಳ್ಳೆ ಸೋಪಿನಲ್ಲೇ ಉಳಿಯುತ್ತವೆ.

ಮೊದಲು ಅಂಚು ಬೆವರಿದಂತಾಗುತ್ತದೆ. ಆಮೇಲೆ ಗೋಧಿ ಸಜ್ಜಕದಂತೆ ಕಾಳು ಕಾಳು. ಇಲ್ಲಿಗೇ ಕೆಟ್ಟಿತು ಅಂತ ಹೆದರಿ ಬಹಳ ಜನ ನೀರು ಸುರಿಯುತ್ತಾರೆ, ಸುರಿಯಬಾರದು. ಒಂದೂವರೆ, ಎರಡು ಗಂಟೆಗೆ ಪೂರ್ತಿ ಅರೆಪಾರದರ್ಶಕ ಮುದ್ದೆಯಾಗಿ ವ್ಯಾಸಲೀನ್ ಥರ ಹೊಳೆಯುತ್ತದೆ. ಒಂದು ಚೂರು ತಟ್ಟೆಗೆ ತೆಗೆದು ಆರಿಸಿ ಫಿನಾಲ್ಫ್ಥಲೀನ್ ಹನಿ ಹಾಕಿ. ಗಾಢ ಗುಲಾಬಿ ಬಂದರೆ ಇನ್ನೂ ಅರ್ಧ ಗಂಟೆ. ಆಮೇಲೂ ಹಾಗೇ ಇದ್ದರೆ 15 ಗ್ರಾಂ ಎಣ್ಣೆ ಹಾಕಿ ಮತ್ತೆ ಅರ್ಧ ಗಂಟೆ. ಅಷ್ಟು ಎಣ್ಣೆ 2 ಗ್ರಾಂ ಕಾಸ್ಟಿಕ್ ಹೀರುತ್ತದೆ.

ಇದು ಅಂಗಡಿಯ ಗ್ಲಿಸರಿನ್ ಬೇಸ್ ಥರ ನೀರಾಗಿ ಕರಗುವುದಿಲ್ಲ. ಚಮಚದಿಂದ ಅಚ್ಚಿಗೆ ತುಂಬಿ, ಪ್ರತಿ ಪದರಕ್ಕೂ ಒತ್ತಿ, ಅಚ್ಚನ್ನು ಕಲ್ಲಿನ ಮೇಲೆ ನಾಲ್ಕು ಸಲ ಕುಟ್ಟಿ. ಒತ್ತದಿದ್ದರೆ ಒಳಗೆ ಪೊಳ್ಳು ಉಳಿಯುತ್ತದೆ. ಸುವಾಸನೆ ಹಾಕುವುದಾದರೆ ಅಚ್ಚಿಗೆ ತುಂಬುವ ಮೊದಲು, 60 ಡಿಗ್ರಿಗೆ ಇಳಿದ ಮೇಲೆ. ಮರುದಿನ ಕತ್ತರಿಸಿ, ನಾಲ್ಕು ವಾರ ಆರಿಸಿ.

ಕೈಗೆ ಕಾಸ್ಟಿಕ್ ತಾಗಿದರೆ 15-20 ನಿಮಿಷ ನಲ್ಲಿ ಕೆಳಗೆ ಹರಿಯುವ ನೀರು, ವಿನೆಗರ್ ಅಲ್ಲ. ಕಣ್ಣಿಗಾದರೆ 20 ನಿಮಿಷ ನೀರು ಹರಿಸಿ ನೇರ ಆಸ್ಪತ್ರೆಗೆ.

ಶಹಾಬಾದ್_ಪರಸಿ

ಎರಡು ಮಾತು ಸೇರಿಸ್ತೀನಿ. ಟೈಮ್ ಉಳಿಸಲಿಕ್ಕೆ ಕುಕ್ಕರ್‌ನಾಗ ಸೀಟಿ ಹಾಕಿ ಬೇಯಿಸೋರು ಅದಾರ. ಸೋಪು ಉಕ್ಕಿ ಸೀಟಿ ಬಾಯಿ ಕಟ್ಟಿದರ ಕುಕ್ಕರ್ ಸಿಡೀತದ. ಮ್ಯಾಲ ಬಹಳಷ್ಟು ಕುಕ್ಕರ್ ಅಲ್ಯೂಮಿನಿಯಂ.

ಇನ್ನೊಂದು ಬೋರ್ ನೀರು. ಕಲಬುರಗಿ, ಶಹಾಬಾದ್, ಸೇಡಂ ಕಡೆ ನೆಲದಾಗ ಸುಣ್ಣಗಲ್ಲು, ಬೋರಿನ ನೀರು ಗಡಸು. ನೀರಿನ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ಕರಗದ ಬೂದಿ ಬಣ್ಣದ ಕಸ ಆಗ್ತದ. ಕಾಸ್ಟಿಕ್ ಕಲಸಲಿಕ್ಕೂ ರೀಬ್ಯಾಚಿಗೂ ಡಿಸ್ಟಿಲ್ಡ್ ವಾಟರೇ ಹಾಕ್ರಿ, ಬ್ಯಾಟರಿ ಅಂಗಡ್ಯಾಗ ಸಿಗ್ತದ. ಆಸಿಡ್ ಬೆರೆಸಿದ ಬ್ಯಾಟರಿ ನೀರು ತರಬ್ಯಾಡ್ರಿ, ಲೇಬಲ್ ಓದ್ರಿ. ಮುಗಿದ ಮ್ಯಾಲ ಬಚ್ಚಲದಾಗ ನೊರೆ ಬರಲಿಲ್ಲ ಅಂತ ಮತ್ತ ರೀಬ್ಯಾಚ್ ಮಾಡಲಿಕ್ಕೆ ಹೋಗಬ್ಯಾಡ್ರಿ. ಒಂದು ಚೂರು ಸೋಪು ಡಿಸ್ಟಿಲ್ಡ್ ವಾಟರ್ ಬಾಟಲಿಯೊಳಗ ಹಾಕಿ ಕುಲುಕ್ರಿ. ಅಲ್ಲಿ ನೊರೆ ಬಂದರ ತಪ್ಪು ನೀರಿಂದು, ಸೋಪಿಂದಲ್ಲ.

ಯಾದಗಿರಿ_ಅಂಗಳ

ಅಣ್ಣಾರ, ಇದೇ ಜಾಗದಾಗ ನನ್ನದೂ ಕೇಳ್ತೀನಿ. ಮೂರು ತಿಂಗಳ ಹಳೇ ಸೋಪು 1 ಕೆಜಿ ತುರಿದೆ. ಕರಗವಲ್ತು ಅಂತ ನೀರು ಹಾಕ್ತಾ ಹೋಗಿ ಒಟ್ಟು 400 ಮಿ.ಲೀ. ಆಯ್ತು. ಈಗ ಒಣಗಿ ಸೊಟ್ಟ ಆಗ್ಯಾವ, ನಡುವ ತಗ್ಗು ಬಿದ್ದದ. ಎರಡು ತುಂಡಿನ ಮ್ಯಾಲ ಕಿತ್ತಳೆ ಬಣ್ಣದ ಚುಕ್ಕಿ, ಹಳೇ ಎಣ್ಣೆ ವಾಸನೆ. ಮತ್ತೊಮ್ಮೆ ಕರಗಿಸಲೇನು?

ಗಾಣದೆಣ್ಣೆ

ಸೊಟ್ಟ ಆದವು ಸೋಪೇ ರೀ, ಬಳಸಿ. ನೀರು ಹೋದಷ್ಟು ಜಾಗ ಕುಗ್ಗುತ್ತದೆ, ಅಷ್ಟೇ. ಹಳೇ ಸೋಪಿಗೆ ಕೆಜಿಗೆ 150 ಮಿ.ಲೀ. ಸಾಕು, ಆದರೆ ಹಾಕಿದ ಕೂಡಲೇ ಒಲೆಗಿಡಬಾರದು. ತುರಿಗೆ ನೀರು ಚಿಮುಕಿಸಿ, ಮುಚ್ಚಿ ರಾತ್ರಿಯೆಲ್ಲ ನೆನೆಯಲಿ, ಬೆಳಿಗ್ಗೆ ಕಾಯಿಸಿ. ತುರಿ ಸಣ್ಣದಿದ್ದಷ್ಟೂ ನೀರು ಕಡಿಮೆ ಸಾಕು. ಒಣಗಿಸುವಾಗ ಫ್ಯಾನ್ ಕೆಳಗೆ ಇಡಬ್ಯಾಡ್ರಿ. ನಮ್ಮ ಬೇಸಿಗೆಯ ಒಣ ಗಾಳಿಗೆ ಮೇಲ್ಪದರ ಬೇಗ ಬಿಗಿಯುತ್ತದೆ, ಒಳಗೆ ಹಸಿ ಉಳಿಯುತ್ತದೆ, ಆಮೇಲೆ ಬಿರುಕು.

ಕಿತ್ತಳೆ ಚುಕ್ಕಿ ಬೇರೆ ರೋಗ. ಮಿಕ್ಕಿದ ಎಣ್ಣೆ ಮುಗ್ಗಿದ್ದು ಅದು. ರೀಬ್ಯಾಚ್‌ನಲ್ಲಿ ಅದಕ್ಕೆ ಮದ್ದಿಲ್ಲ, ಕರಗಿಸಿದರೆ ಎರಡು ತುಂಡಿನ ಮುಗ್ಗು ಇಡೀ ಬ್ಯಾಚಿಗೆ ಹಬ್ಬುತ್ತದೆ. ಆ ಎರಡನ್ನು ಈಗಲೇ ಬೇರೆ ಮಾಡಿ. ಕುಸುಬಿ ಎಣ್ಣೆಯಲ್ಲಿ ಲಿನೋಲಿಕ್ ಆಮ್ಲ ಬಹಳ, ಅದು ಗಾಳಿಗೆ ಬೇಗ ಕೆಡುತ್ತದೆ. ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ ಇನ್ನೂ ಬೇಗ.

ಬೀದರ್_ಹೊಸಬ

ಮಾಡಿದೆರಿ. 50 ಗ್ರಾಂ ಎಣ್ಣೆ, 60 ಮಿ.ಲೀ. ನೀರು, ಒಂದು ಮುಕ್ಕಾಲು ಗಂಟೆ. ಮೊದಲ ಹನಿಗೆ ಗಾಢ ಗುಲಾಬಿ ಬಂತು, ಅರ್ಧ ಗಂಟೆ ಬಿಟ್ಟು ನೋಡಿದರ ತೆಳು. ಉಳಿದ 35 ಗ್ರಾಂ ಹಾಕಿ ಇನ್ನೂ 20 ನಿಮಿಷ ಇಟ್ಟು ಅಚ್ಚಿಗೆ ತುಂಬಿದೆ. ಮ್ಯಾಲ ಬೂದಿಯಂಥ ತೆಳು ಬಿಳಿ ಪುಡಿ ಬಂದದ, ಮತ್ತ ಕಾಸ್ಟಿಕ್ ಏನ್ರಿ? ಮುಂದಿನ ಬ್ಯಾಚಿಗೆ ಅಳತೆ ಹೇಳ್ರಿ.

ಗಾಣದೆಣ್ಣೆ

ಗಾಳಿ ತಾಗುವ ಮೇಲ್ಮೈಯಲ್ಲಿ ಮಾತ್ರ ಇದ್ದು, ಒಳಮುಖದ ಹನಿ ತೆಳು ಇದ್ದರೆ ಅದು ಸೋಡಾ ಬೂದಿ. ಗಾಳಿಯ ಕಾರ್ಬನ್ ಡೈಆಕ್ಸೈಡ್‌ಗೆ ಆಗುವಂಥದ್ದು, ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ.

ಮುಂದಿನ ಸಲ ಎಲ್ಲಾ ಗ್ರಾಂನಲ್ಲಿ: ಕೊಬ್ಬರಿ 400, ಶೇಂಗಾ 300, ಕುಸುಬಿ 200, ಔಡಲ 100. ಶೇಂಗಾಕ್ಕೂ ಕುಸುಬಿಗೂ ಕಾಸ್ಟಿಕ್ ಲೆಕ್ಕ ಹೆಚ್ಚುಕಡಿಮೆ ಒಂದೇ, ಹಾಗಾಗಿ 5%ಗೆ ಕಾಸ್ಟಿಕ್ ಅದೇ 146, ನೀರು 300. ಕುಸುಬಿ ಕಡಿಮೆ ಮಾಡಿದ್ದು ಮುಗ್ಗುವ ಭಯಕ್ಕೆ, ಸೋಪು ಗಟ್ಟಿಯೂ ಬರುತ್ತದೆ. ಬೇರೆಯವರಿಗೆ ಕೊಡುವುದಾದರೆ ಶೇಂಗಾ ಇದೆ ಅಂತ ಚೀಟಿ ಹಚ್ಚಿ, ಕೆಲವರಿಗೆ ಅಲರ್ಜಿ. ಕಾಸ್ಟಿಕ್ಕನ್ನು ನೀರಿಗೆ ಹಾಕಬೇಕು, ಕಾಸ್ಟಿಕ್ ಮೇಲೆ ನೀರು ಸುರಿಯಬಾರದು. ಕಲಸಿದಾಗ 80 ಡಿಗ್ರಿ ದಾಟಬಹುದು, ಕಿಟಕಿ ತೆರೆದಿಡಿ. ಅದು 40ಕ್ಕೆ ಇಳಿಯುವಷ್ಟರಲ್ಲಿ ಎಣ್ಣೆಗಳನ್ನೂ 40ಕ್ಕೆ ಕಾಯಿಸಿಕೊಳ್ಳಿ, ಹ್ಯಾಂಡ್ ಬ್ಲೆಂಡರ್ ಬಳಸಿ. ಟ್ರೇಸ್ ಬಂತು ಅನಿಸಿದಾಗ ಐದು ನಿಮಿಷ ಸುಮ್ಮನೆ ಬಿಟ್ಟು ನೋಡಿ: ಮೇಲೆ ಎಣ್ಣೆಯ ಗೆರೆ ತೇಲಿದರೆ ಇನ್ನೂ ಬಂದಿಲ್ಲ.