6 ಗಂಟೆಯ ರೊಗೇನ್‌ಗೆ ಕೋರ್ಸ್ ಹಾಕುವಾಗ ಅಂತರರಾಷ್ಟ್ರೀಯ ನಿಯಮಗಳಲ್ಲಿ ಯಾವುದನ್ನು ಸಡಿಲಿಸಬಹುದು, ಯಾವುದನ್ನು ಮುಟ್ಟಬಾರದು?

ಹಳ್ಳದಹಾದಿ (ಮೆಲ್ಬರ್ನ್)

ವಿಕ್ಟೋರಿಯಾದ ಒಣ ಕಾಡಿನ ಗುಡ್ಡಗಳಲ್ಲಿ 6 ಗಂಟೆಯ ರೊಗೇನ್ (ತಂಡಗಳು ನಕ್ಷೆ ಹಿಡಿದು, ನಿಗದಿತ ಸಮಯದಲ್ಲಿ ಗುರುತಿಸಿದ ಜಾಗಗಳನ್ನು ಮುಟ್ಟಿ ಅಂಕ ಗಳಿಸುವ ಆಟ) ಒಂದಕ್ಕೆ ಕೋರ್ಸ್ ಹಾಕುವ, ಅಂದರೆ ಆ ಜಾಗಗಳನ್ನು ಆರಿಸಿ ಗುರುತಿಸುವ, ಹೊಣೆ ನಮ್ಮ ಗುಂಪಿನ ಮೇಲಿದೆ. ಎಲ್ಲರೂ ಸ್ಪರ್ಧಿಸಿದವರೇ, ನಕ್ಷೆ ಓದಲು ಬರುತ್ತದೆ. ಕೋರ್ಸ್ ಹಾಕುವುದು ಮಾತ್ರ ಹೊಸದು. ಇಂಟರ್‌ನ್ಯಾಷನಲ್ ರೊಗೇನಿಂಗ್ ಫೆಡರೇಷನ್ನಿನ ನಿಯಮಾವಳಿ 24 ಗಂಟೆಯ ಚಾಂಪಿಯನ್‌ಶಿಪ್ಪಿಗೆಂದೇ ಬರೆದಂತಿದೆ. ಸಣ್ಣ ಸ್ಪರ್ಧೆಗೆ ಅದರಲ್ಲಿ ಎಷ್ಟು ಅನ್ವಯ? ಜಾಗ ಎಷ್ಟು ಬೇಕು, ಕಂಟ್ರೋಲ್ (ತಂಡಗಳು ಮುಟ್ಟಬೇಕಾದ ಗುರುತು) ಎಷ್ಟಿರಬೇಕು? ಊರಿನ ಕಡೆಯ ಚಾರಣಿಗರು ಇದನ್ನು ಕರ್ನಾಟಕದಲ್ಲೂ ಶುರು ಮಾಡಬಹುದೇ, ಅದಕ್ಕೆ ಮೊದಲು ಫೆಡರೇಷನ್ ಸೇರಬೇಕೇ ಎಂದೂ ಕೇಳುತ್ತಿದ್ದಾರೆ. ತಿಳಿದವರು ಹೇಳಿ.

ವೆಟರ್_ಪರ್ತ್

ಮುಟ್ಟಬಾರದ್ದನ್ನು ಮೊದಲು ಹೇಳುತ್ತೇನೆ. ತಂಡದಲ್ಲಿ 2ರಿಂದ 5 ಜನ. ಎಲ್ಲರೂ ಒಬ್ಬರ ಕೂಗು ಇನ್ನೊಬ್ಬರಿಗೆ ಕೇಳುವಷ್ಟು ಹತ್ತಿರವೇ ಇರಬೇಕು, ಪ್ರತಿ ಕಂಟ್ರೋಲಿಗೂ ಒಟ್ಟಿಗೇ ಬರಬೇಕು. ದಾರಿ ಹುಡುಕಲು ನಕ್ಷೆ, ಅಯಸ್ಕಾಂತದ ದಿಕ್ಸೂಚಿ, ಗಡಿಯಾರ ಇಷ್ಟೇ. ಒಬ್ಬೊಬ್ಬರ ಬಳಿಯೂ ಸೀಟಿ. ತೊಂದರೆಯಲ್ಲಿರುವ ತಂಡ ಕಂಡರೆ ಸ್ಪರ್ಧೆ ಬಿಟ್ಟು ನೆರವಾಗಬೇಕು. ಬಿತ್ತಿದ ಹೊಲ ತುಳಿಯಬಾರದು, ಗೇಟು ಇದ್ದ ಹಾಗೆಯೇ ಬಿಟ್ಟು ಹೋಗಬೇಕು. ಈ ಕೊನೆಯ ಮಾತನ್ನು ಹಗುರವಾಗಿ ನೋಡಬೇಡಿ. ಒಂದು ಗೇಟು ತೆರೆದು ಕುರಿಗಳು ಬೆರೆತುಹೋದರೆ ಆ ಜಮೀನು ಮುಂದೆ ಆಟಕ್ಕೆ ಸಿಗುವುದಿಲ್ಲ, ಅಕ್ಕಪಕ್ಕದ ರೈತರೂ ಕೊಡುವುದಿಲ್ಲ.

ಅವಧಿ, ಕಂಟ್ರೋಲ್ ಸಂಖ್ಯೆ, ಅಂಕ ಹಂಚುವ ಬಗೆ, ಊಟದ ವ್ಯವಸ್ಥೆ ಎಲ್ಲ ನಿಮ್ಮ ವಿವೇಚನೆ. ವಯಸ್ಸಿನ ವಿಭಾಗಗಳನ್ನು (23ರೊಳಗೆ, 40, 55, 65 ಮೀರಿದವರು) ಇಟ್ಟುಕೊಂಡರೆ ಒಳ್ಳೆಯದು, ಆದರೆ ತಂಡದ ಪ್ರತಿಯೊಬ್ಬರಿಗೂ ಆ ವಯಸ್ಸು ಅನ್ವಯಿಸುತ್ತದೆ ಎಂದು ನೋಂದಣಿಯಲ್ಲೇ ಬರೆಯಿರಿ. ಬಹುಮಾನದ ಹೊತ್ತಿಗೆ ಬರುವ ತಕರಾರುಗಳಲ್ಲಿ ಅರ್ಧ ಇದರದ್ದೇ.

ಇನ್ನು ಅಳತೆ. ಗಟ್ಟಿ ತಂಡಗಳು ನಿಮ್ಮ ಕಡೆಯ ಗುಡ್ಡಗಳಲ್ಲಿ 6 ಗಂಟೆಗೆ 35–40 ಕಿಮೀ ಹೋಗುತ್ತವೆ. ಎಲ್ಲ ಕಂಟ್ರೋಲ್‌ಗಳನ್ನು ದಾರದಿಂದ ಜೋಡಿಸಿ ಅತಿ ಕಡಿಮೆ ದೂರದ ಸುತ್ತು ಅಳೆಯಿರಿ. ನೇರ ರೇಖೆಯಲ್ಲೇ ಅದು 45–50 ಕಿಮೀ ಬರಲಿ. ಕಾಲಿನಡಿ ಅದು ಕಾಲು ಪಾಲು ಜಾಸ್ತಿಯಾಗುತ್ತದೆ. ಇದಕ್ಕೆ 40–50 ಚದರ ಕಿಮೀ, 35ರ ಆಸುಪಾಸು ಕಂಟ್ರೋಲ್ ಸಾಕು. ಯಾವ ತಂಡವೂ ಎಲ್ಲವನ್ನೂ ಮುಗಿಸಬಾರದು. ಮುಗಿಸಿಬಿಟ್ಟರೆ ಯಾವುದನ್ನು ಬಿಡುವುದು ಎಂಬ ಲೆಕ್ಕಾಚಾರವೇ ಇಲ್ಲವಾಗಿ ಅದು ಬರೀ ಓಟವಾಗುತ್ತದೆ.

ಸಂಖ್ಯೆಯ ಮೊದಲ ಅಂಕಿಯೇ ಬೆಲೆ ಹೇಳುವ ರೂಢಿ ಇಟ್ಟುಕೊಳ್ಳಿ: 57ಕ್ಕೆ 50 ಅಂಕ, 83ಕ್ಕೆ 80. ದೊಡ್ಡ ಅಂಕಗಳನ್ನೆಲ್ಲ ಒಂದೇ ದಿಕ್ಕಿಗೆ ಇಟ್ಟರೆ ಎಲ್ಲ ತಂಡಗಳೂ ಒಂದೇ ಸುತ್ತು ಹೋಗುತ್ತವೆ, ಮುಂದಿನವರ ಬೆನ್ನು ನೋಡಿ ಹಿಂದಿನವರು ಕಂಟ್ರೋಲ್ ಹುಡುಕುತ್ತಾರೆ. ಮಕ್ಕಳಿರುವ ತಂಡಗಳಿಗಾಗಿ ಹ್ಯಾಶ್ ಹೌಸಿನಿಂದ (ಸ್ಪರ್ಧೆ ಶುರುವಾಗಿ ಮುಗಿಯುವ, ಊಟ ಸಿಗುವ ನೆಲೆ) 2–3 ಕಿಮೀ ಒಳಗೆ 20–40 ಅಂಕದ ಎಂಟ್ಹತ್ತು ಕಂಟ್ರೋಲ್ ಇರಲಿ.

ಎಲ್ಲಕ್ಕಿಂತ ಮುಖ್ಯ ವೆಟಿಂಗ್, ಅಂದರೆ ಕಂಟ್ರೋಲ್ ಸರಿಯಾದ ಜಾಗದಲ್ಲಿದೆಯೇ ಎಂಬ ಪರಿಶೀಲನೆ. ಕೋರ್ಸ್ ಹಾಕುವವರು ಜಾಗ ಆರಿಸಿ, ಮರಕ್ಕೆ ಸಂಖ್ಯೆ ಬರೆದ ಟೇಪ್ ಕಟ್ಟಿ ಬರುತ್ತಾರೆ. ಆಮೇಲೆ ಬೇರೆಯವರೇ ಹೋಗಬೇಕು. ಅವರ ಕೈಗೆ ನಿರ್ದೇಶಾಂಕ ಕೊಡಬೇಡಿ, ನಕ್ಷೆ ಮತ್ತು ಕಂಟ್ರೋಲ್ ವಿವರಣೆ ಮಾತ್ರ ಕೊಡಿ. ಅವರು ತಮ್ಮ ಲೆಕ್ಕದ ಜಾಗಕ್ಕೆ ಬಂದು ನಿಂತಾಗ ಟೇಪ್ ಕಾಣಬೇಕು. ಕಾಣದಿದ್ದರೆ ಟೇಪ್ ಸರಿಸಿ, ಇಲ್ಲವೇ ಆ ಕಂಟ್ರೋಲನ್ನೇ ಕೈಬಿಡಿ. ಜಿಪಿಎಸ್ ಹಿಡಿದು ನೇರ ಟೇಪಿನ ಬಳಿಗೇ ಹೋಗಿ "ಸರಿಯಿದೆ" ಎಂದು ಬರೆದುಕೊಂಡು ಬಂದರೆ ಅದು ಪರಿಶೀಲನೆಯೇ ಅಲ್ಲ. ಸಮಾನಾಂತರವಾಗಿ ಇಳಿಯುವ ಎರಡು ಏಣುಗಳಲ್ಲಿ ತಪ್ಪು ಏಣಿನ ಮೇಲೆ ಟೇಪ್ ಕಟ್ಟಿದ್ದರೆ ಜಿಪಿಎಸ್ ಆ ತಪ್ಪನ್ನೇ ನಿಖರವಾಗಿ ತೋರಿಸುತ್ತದೆ. ವಿಶ್ವ ಚಾಂಪಿಯನ್‌ಶಿಪ್ ಆದರೂ ಬುಡದಲ್ಲಿ ನಿಂತಿರುವುದು ಇದರ ಮೇಲೆಯೇ: ಒಬ್ಬರು ಇಟ್ಟದ್ದನ್ನು ಇನ್ನೊಬ್ಬರು ಸ್ವತಂತ್ರವಾಗಿ ಹುಡುಕಿ ನೋಡಬೇಕು.

ನಕ್ಷೆಮನೆ

ಮೇಲಿನದಕ್ಕೆ ನಕ್ಷೆಯ ಕಡೆಯಿಂದ ಮೂರು ಎಚ್ಚರಿಕೆ ಸೇರಿಸುತ್ತೇನೆ.

ಹಳೆಯ ಆಸ್ಟ್ರೇಲಿಯನ್ ನಕ್ಷೆಗಳು ಎಜಿಡಿ66 ಡೇಟಮ್‌ನಲ್ಲಿವೆ (ಡೇಟಮ್ ಎಂದರೆ ನಿರ್ದೇಶಾಂಕ ಅಳೆಯುವ ಆಧಾರ ಚೌಕಟ್ಟು). ಅದಕ್ಕೂ ನಂತರ ಬಂದ ಜಿಡಿಎ94 ಡೇಟಮ್‌ಗೂ ಸುಮಾರು 200 ಮೀಟರ್ ವ್ಯತ್ಯಾಸ. ಹಳೆಯ ನಕ್ಷೆಯಿಂದ ನಿರ್ದೇಶಾಂಕ ಓದಿ ಈಗಿನ ಜಿಪಿಎಸ್‌ಗೆ ಹಾಕಿದರೆ ಪಕ್ಕದ ಹಳ್ಳದಲ್ಲಿ ನಿಂತಿರುತ್ತೀರಿ. ಜಿಡಿಎ94 ಮತ್ತು ಜಿಡಿಎ2020 ನಡುವಿನ ಅಂತರ 2 ಮೀಟರಿಗಿಂತ ಕಡಿಮೆ, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ.

ಎರಡನೆಯದು, ಸ್ಪರ್ಧೆಯ ನಕ್ಷೆಯಲ್ಲಿ ಕಾಂತೀಯ ಉತ್ತರದ ಗೆರೆಗಳನ್ನೇ ಎಳೆಯಿರಿ. ಮೆಲ್ಬರ್ನ್ ಸುತ್ತ ದಿಕ್ಸೂಚಿಯ ಮುಳ್ಳು ನಿಜ ಉತ್ತರದಿಂದ ಸುಮಾರು 12 ಡಿಗ್ರಿ ಪೂರ್ವಕ್ಕೆ ವಾಲುತ್ತದೆ. ಅದನ್ನು ಮರೆತು 1 ಕಿಮೀ ನಡೆದರೆ ಗುರಿಯಿಂದ 200 ಮೀಟರಿಗೂ ಹೆಚ್ಚು ಪಕ್ಕಕ್ಕೆ ಹೋಗಿರುತ್ತಾರೆ. ಪರ್ತ್‌ನಲ್ಲಿ ಈ ವ್ಯತ್ಯಾಸ ತೀರಾ ಕಡಿಮೆ, ಹಾಗಾಗಿ ಅಲ್ಲಿಯ ಟೆಂಪ್ಲೇಟ್ ಎತ್ತಿ ಇಲ್ಲಿ ಬಳಸಬೇಡಿ.

ಮೂರನೆಯದು ಮುದ್ರಣ. ಪ್ರಿಂಟರ್ ಕಾಗದಕ್ಕೆ ಹೊಂದಿಸಲೆಂದು ನಕ್ಷೆಯನ್ನು ತಾನಾಗಿಯೇ ನಾಲ್ಕೈದು ಶೇಕಡಾ ಕುಗ್ಗಿಸುವುದುಂಟು. 1:25,000ದಲ್ಲಿ 1 ಕಿಮೀ ಚೌಕ ಸರಿಯಾಗಿ 40 ಮಿಮೀ ಇರಬೇಕು. ಮೊದಲ ಪ್ರತಿಯ ಮೇಲೆ ಸ್ಕೇಲ್ ಇಟ್ಟು ಅಳೆದ ನಂತರವೇ ಉಳಿದದ್ದನ್ನು ಅಚ್ಚು ಹಾಕಿಸಿ. ಹಾಗೆಯೇ ಕಂಟ್ರೋಲಿನ ವೃತ್ತ ನಕ್ಷೆಯ ಮುಖ್ಯ ವಿವರವನ್ನು ಮುಚ್ಚಬಾರದು. ಸಣ್ಣ ಹಳ್ಳಗಳು ಕೂಡುವ ಜಾಗದಲ್ಲಿ ವೃತ್ತದ ಗೆರೆಯನ್ನು ಅಲ್ಲಿಗೆ ಕತ್ತರಿಸಿ.

ಹಳ್ಳದಹಾದಿ (ಮೆಲ್ಬರ್ನ್)

ತುಂಬಾ ಉಪಕಾರವಾಯಿತು. ಸುರಕ್ಷತೆಯ ದೃಷ್ಟಿಯಿಂದ ಮೊಬೈಲ್ ಒಯ್ಯಲು ಬಿಡಬೇಕೆಂದು ನಮ್ಮಲ್ಲಿ ಕೆಲವರ ವಾದ. ದಣಿದವರು ರಸ್ತೆ ಬದಿ ಕೂತು ಉಳಿದವರು ಕಂಟ್ರೋಲ್ ಮುಟ್ಟಿ ಬರಲಿ ಎಂದೂ ಒಬ್ಬರು ಹೇಳಿದರು. 6 ಗಂಟೆಯ ಆಟಕ್ಕೆ ಇಷ್ಟು ಸಡಿಲಿಕೆ ಕೊಡಬಹುದಲ್ಲವೇ?

ರಾತ್ರಿಪಾಳಿ

ಮೊಬೈಲಿಗೆ ದಾರಿಯುಂಟು. ಆಫ್ ಮಾಡಿ, ಪ್ಲಾಸ್ಟಿಕ್ ಚೀಲದಲ್ಲಿ ಸೀಲ್ ಮಾಡಿ ಕೊಡಿ. ಮುಗಿಸಿ ಬಂದಾಗ ಸೀಲ್ ಒಡೆದಿದ್ದರೆ ಕಾರಣ ಕೇಳಿ. ನಿಜವಾದ ಅವಘಡಕ್ಕೆ ಒಡೆದಿದ್ದರೆ ಯಾರೂ ತಪ್ಪೆನ್ನುವುದಿಲ್ಲ. ಆದರೆ ಕಣಿವೆಯಲ್ಲಿ ಸಿಗ್ನಲ್ ಇರುವುದಿಲ್ಲ, ಅದನ್ನೇ ನೆಚ್ಚಿ ಯೋಜನೆ ಮಾಡಬೇಡಿ. ಪ್ರತಿ ಕಂಟ್ರೋಲಿನಲ್ಲೂ ಒಂದು ಹಾಳೆ ತೂಗುಹಾಕಿ, ತಂಡದ ಸಂಖ್ಯೆ, ಬಂದ ವೇಳೆ, ಮುಂದೆ ಹೋಗುವ ಕಂಟ್ರೋಲ್ ಬರೆಸಿ. ಒಂದು ತಂಡ ಬಾರದೇ ಹೋದರೆ ಹುಡುಕಾಟ ಎಲ್ಲಿಂದ ಶುರುಮಾಡಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸುಳಿವು ಸಿಗುವುದಿಲ್ಲ. ಎಲೆಕ್ಟ್ರಾನಿಕ್ ಪಂಚ್ (ಕಂಟ್ರೋಲ್ ಮುಟ್ಟಿದ್ದನ್ನು ದಾಖಲಿಸುವ ಸಾಧನ) ಇದ್ದರೂ ಹಾಳೆ ಬಿಡಬೇಡಿ, ಆ ಪಂಚಿನ ಮಾಹಿತಿ ತಂಡ ವಾಪಸು ಬಂದ ಮೇಲೆಯೇ ಕೈಗೆ ಸಿಗುವುದು.

ಎರಡನೆಯದಕ್ಕೆ ಮಾತ್ರ ಖಂಡಿತ ಒಪ್ಪಬೇಡಿ. ತಂಡ ಒಡೆದ ಕ್ಷಣ ಸುರಕ್ಷತೆಯೇ ಹೋಯಿತು. ಒಬ್ಬರು ಕಾಲು ಉಳುಕಿಸಿಕೊಂಡರೆ ಇನ್ನೊಬ್ಬರು ಜೊತೆಗಿರುತ್ತಾರೆ ಎಂಬ ನಂಬಿಕೆಯ ಮೇಲೆ ಈ ಆಟದಲ್ಲಿ ಕಾಡಿನ ಮಧ್ಯೆ ಮಾರ್ಷಲ್‌ಗಳಿಲ್ಲದೆ ನಡೆಸುತ್ತೇವೆ. ಒಬ್ಬರಿಗೆ ಆಗದಿದ್ದರೆ ಇಡೀ ತಂಡ ಹ್ಯಾಶ್ ಹೌಸಿಗೆ ಬರಬೇಕು. ಪಂಚ್ ಟ್ಯಾಗನ್ನು ಕತ್ತರಿಸದೆ ಬಿಚ್ಚಲಾಗದ ಪಟ್ಟಿಯಲ್ಲಿ ಪ್ರತಿಯೊಬ್ಬರ ಮಣಿಕಟ್ಟಿಗೆ ಕಟ್ಟುವುದೂ ಇದಕ್ಕೇ. ಟ್ಯಾಗ್ ಕೈಯಿಂದ ಕೈಗೆ ಹೋಗಬಾರದು.

ತಡವಾದವರಿಗೆ ನಿಮಿಷಕ್ಕೆ 10 ಅಂಕ ಕಡಿತ, 30 ನಿಮಿಷ ಮೀರಿದರೆ ಸೊನ್ನೆ. ಇದು ಕಠೋರ ಅನಿಸಿದರೂ ಹಾಗೇ ಇರಲಿ. ಯಾರು ನಿಜವಾಗಿ ಕಷ್ಟದಲ್ಲಿದ್ದಾರೆ, ಯಾರು ಇನ್ನೊಂದು ಕಂಟ್ರೋಲಿನ ಆಸೆಗೆ ಬಿದ್ದಿದ್ದಾರೆ ಎಂದು ಆಯೋಜಕರಿಗೆ ಬೇಗ ಗೊತ್ತಾಗುವುದು ಇದರಿಂದಲೇ. ಸಮ ಅಂಕ ಬಂದರೆ ಮೊದಲು ಮುಗಿಸಿದವರು ಮೇಲೆ.

ನೀರಿನ ಕ್ಯಾನುಗಳನ್ನು ಜೀಪು ಹೋಗುವ ದಾರಿಯ ಪಕ್ಕದಲ್ಲೇ ಇಡಿ. ಬೇಸಿಗೆಯಲ್ಲಿ ತಲೆಗೆ 2 ಲೀಟರ್ ಲೆಕ್ಕ, ಮೂರನೇ ಗಂಟೆಯ ಹೊತ್ತಿಗೆ ಒಮ್ಮೆ ಹೋಗಿ ನೋಡಿ ಬನ್ನಿ. ನಕ್ಷೆಯಲ್ಲಿ ನೀರು ಎಂದು ಗುರುತಿಸಿ ಅಲ್ಲಿ ಖಾಲಿ ಕ್ಯಾನ್ ಇರುವುದು, ನೀರೇ ಇಡದಿರುವುದಕ್ಕಿಂತ ಅಪಾಯ.

ಬಯಲುಸೀಮೆ

ಕರ್ನಾಟಕದ ಪ್ರಶ್ನೆಗೆ ಉತ್ತರ. ಮೊದಲು ಆಟ ನಡೆಯಲಿ, ಫೆಡರೇಷನ್ ಆಮೇಲೆ. ವಿಕ್ಟೋರಿಯನ್ ರೊಗೇನಿಂಗ್ ಅಸೋಸಿಯೇಷನ್ ಹುಟ್ಟಿದ್ದು 1976ರಲ್ಲಿ, ಅಂತರರಾಷ್ಟ್ರೀಯ ಫೆಡರೇಷನ್ 1989ರಲ್ಲಿ, ಮೊದಲ ವಿಶ್ವ ಚಾಂಪಿಯನ್‌ಶಿಪ್ 1992ರಲ್ಲಿ ವಿಕ್ಟೋರಿಯಾದ ಬೀಚ್‌ವರ್ತ್‌ನಲ್ಲಿ. ಕೆಳಗಿನಿಂದಲೇ ಬೆಳೆದ ಆಟ ಇದು. ಫೆಡರೇಷನ್ನಿನ ಸದಸ್ಯರು ರಾಷ್ಟ್ರೀಯ ಸಂಘಗಳು. ವರ್ಷಕ್ಕೆ ಒಂದೂ ಸ್ಪರ್ಧೆ ನಡೆಸದ ಸಂಘ ಕಟ್ಟಿ ಸದಸ್ಯತ್ವ ಕೇಳುವುದರಲ್ಲಿ ಅರ್ಥವಿಲ್ಲ. ಎಸ್ಟೋನಿಯಾ (2008), ಲಾಟ್ವಿಯಾದಂಥ (2017) ಪುಟ್ಟ ದೇಶಗಳು ವಿಶ್ವ ಚಾಂಪಿಯನ್‌ಶಿಪ್ ನಡೆಸಲು ಸಾಧ್ಯವಾದದ್ದು ಅಲ್ಲಿ ನಕ್ಷೆ ಮಾಡಬಲ್ಲ, ಕೋರ್ಸ್ ಹಾಕಬಲ್ಲ ಓರಿಯೆಂಟೀರಿಂಗ್ ಜನ ಮೊದಲೇ ಇದ್ದುದರಿಂದ. ನಿಮ್ಮ ಗೆಳೆಯರು ಮೊದಲು ತಯಾರು ಮಾಡಬೇಕಾದದ್ದು ಇಬ್ಬರು ಕೋರ್ಸ್ ಹಾಕುವವರು, ಇಬ್ಬರು ವೆಟರ್‌ಗಳು.

ನಕ್ಷೆ ಮೊದಲಿನಷ್ಟು ತೊಡಕಲ್ಲ. 2021ರ ಫೆಬ್ರವರಿಯ ಕೇಂದ್ರ ಮಾರ್ಗಸೂಚಿಯ ನಂತರ ಭಾರತೀಯ ಸಂಸ್ಥೆಗಳು ಪೂರ್ವಾನುಮತಿಯಿಲ್ಲದೆ ನಕ್ಷೆ ಮಾಡಬಹುದು. ನಿರ್ಬಂಧಿತ ಸ್ಥಳಗಳ ವಿವರ ಮಾತ್ರ ಸೇರಿಸುವಂತಿಲ್ಲ. ನಿಜವಾದ ತೊಡಕು ಜಾಗ ಮತ್ತು ರಾತ್ರಿ. ಮಲೆನಾಡಿನ ಕಾಡು ಅರಣ್ಯ ಇಲಾಖೆಯದು, ಆನೆಯ ಓಡಾಟವಿರುವಲ್ಲಿ ಕತ್ತಲಾದ ಮೇಲೆ ಜನರನ್ನು ಬಿಡುವ ಮಾತೇ ಇಲ್ಲ. ಹಾಗಾಗಿ 24 ಗಂಟೆಯ ಆಸೆ ಸದ್ಯಕ್ಕೆ ಬೇಡ. ಬಯಲುಸೀಮೆಯ ಬಂಡೆಗುಡ್ಡ, ಗೋಮಾಳ, ಕೆರೆ ಏರಿಗಳಿರುವ ಕಡೆ ಹಗಲಿನ 3 ಗಂಟೆಯ ಆಟದಿಂದ ಶುರುಮಾಡಿ. ಗ್ರಾಮ ಪಂಚಾಯಿತಿ, ಪೊಲೀಸ್ ಠಾಣೆ ಎರಡಕ್ಕೂ ಮೊದಲೇ ಬರೆದು ತಿಳಿಸಿ, ಜಮೀನಿನವರನ್ನು ಮುಖತಃ ಕಂಡು ಕೇಳಿ. ರಾಗಿ, ಕಡಲೆಕಾಯಿ ಹೊಲದಲ್ಲಿರುವ ತಿಂಗಳು ಬಿಟ್ಟು ಕೊಯ್ಲಾದ ಮೇಲೆ, ಜನವರಿ–ಫೆಬ್ರವರಿಯಲ್ಲಿ ಇಟ್ಟುಕೊಳ್ಳಿ.

ವೆಟರ್_ಪರ್ತ್

3 ಗಂಟೆಯದೇ ಸಾಕು ಎಂಬುದಕ್ಕೆ ಅರ್ಧ ಮಾತ್ರ ಒಪ್ಪುತ್ತೇನೆ. ಹೊಸಬರನ್ನು ಕರೆತರುವುದು ಅದು ನಿಜ, ಆದರೆ ಕತ್ತಲಲ್ಲಿ ಕಾಂಟೂರ್ (ನಕ್ಷೆಯ ಸಮ ಎತ್ತರದ ಗೆರೆ) ಓದಿ ನಡೆಯುವ ಅಭ್ಯಾಸ ಅದರಿಂದ ಬರುವುದಿಲ್ಲ, ಮತ್ತು ಚಾಂಪಿಯನ್‌ಶಿಪ್ ತೀರ್ಮಾನವಾಗುವುದೇ ಕತ್ತಲಲ್ಲಿ. ಎರಡು ವರ್ಷದ ನಂತರವಾದರೂ ಸುರಕ್ಷಿತ ಜಾಗದಲ್ಲಿ ಸಂಜೆ 4ರಿಂದ ರಾತ್ರಿ 10ರವರೆಗಿನ ಒಂದು ಆಟ ಇರಲಿ.

ಹಳ್ಳದಹಾದಿಯವರಿಗೆ ಕೊನೆಯದೊಂದು: ಟೇಪ್ ಕಟ್ಟಿದ ಜಾಗಗಳಲ್ಲಿ ಕಂಟ್ರೋಲಿನ ಬಾವುಟ ತೂಗುಹಾಕುವ ದಿನ 47 ಮತ್ತು 74 ಅದಲುಬದಲಾಗುವುದು ಬಹಳ ಸಾಮಾನ್ಯ. ತೂಗುಹಾಕುವವರು ಬಾವುಟದ ಸಂಖ್ಯೆಯೂ ಟೇಪಿನ ಸಂಖ್ಯೆಯೂ ಒಂದೇ ಚಿತ್ರದಲ್ಲಿ ಕಾಣುವಂತೆ ಫೋಟೋ ತೆಗೆದು ತರಲಿ. ಆ ಫೋಟೋಗಳನ್ನು ಹಿಂದಿನ ಸಂಜೆಯೇ ಪಟ್ಟಿಯ ಜೊತೆ ತಾಳೆ ನೋಡಿದರೆ ಬೆಳಿಗ್ಗೆ ನಕ್ಷೆ ಹಂಚುವ ಮೊದಲು ಸರಿಪಡಿಸಲು ಸಮಯ ಇರುತ್ತದೆ.