ನಮ್ಮ ಕಡಿ ಕಾಂಗ್ರೆಸ್ಸಿಂದು ಛಲೋ ಏನದ, ಕಮ್ಮಿ ಏನದ? ಖರೇ ಹೇಳ್ರಿ

ತೊಗರಿಹೊಲ (ಜೇವರ್ಗಿ):
ನಮ್ಮ ಮನ್ಯಾಗ ಅಜ್ಜನ ಕಾಲದಿಂದ ಕೈಗೇ ವೋಟು, ಯಾಕಂತ ಕೇಳಿದ್ರ ಅಪ್ಪಗೂ ಗೊತ್ತಿಲ್ಲ. ನನಗ ಈ ಪಾರ್ಟಿ ಮ್ಯಾಲ ಗೌರವ ಇರೋದು 371(ಜೆ) ಸಲುವಾಗಿ, ಅಂದ್ರ ನಮ್ಮ ಕಲ್ಯಾಣ ಕರ್ನಾಟಕದವ್ರಿಗಿ ಕಾಲೇಜ್ ಸೀಟು, ನೌಕರಿಯೊಳಗ ಮೀಸಲಾತಿ ಕೊಡೋ ಸಂವಿಧಾನದ ಕಲಂ. ತಂಗಿಗಿ ಇಂಜಿನಿಯರಿಂಗ್ ಸೀಟ್ ಸಿಕ್ಕಿದ್ದೇ ಅದರಿಂದ, ಆ ಸರ್ಟಿಫಿಕೇಟಿಗಿ ಅಪ್ಪ ಮೂರು ದಿನ ಆಫೀಸಿಗಿ ಅಡ್ಡಾಡ್ಯಾನ, ಈಗ್ಲೂ ಲ್ಯಾಮಿನೇಷನ್ ಮಾಡ್ಸಿ ದೇವರ ಜಗಲಿ ಮ್ಯಾಲ ಇಟ್ಟಾನ. ಆದ್ರ ಟಿಕೆಟ್ ಹಂಚೋದು ನೋಡ್ರಿ, ಖರ್ಗೆ ಸಾಹೇಬ್ರ ಮಗ ಚಿತ್ತಾಪುರದಾಗ, ಅಳಿಯ 2024ರಾಗ ಎಂಪಿ, ಧರ್ಮಸಿಂಗ್ ಅವರ ಮಗ ನಮ್ಮ ಜೇವರ್ಗ್ಯಾಗ. ಬಿಸಲಾಗ ಕುಂತು ಚೀಟಿ ಹಂಚೋ ಹುಡುಗ್ರು ಯಾವಾಗ ಮ್ಯಾಲ ಬರಬೇಕು? ಜಗಳ ಬ್ಯಾಡ, ನಿಮಗ ಅನ್ನಿಸಿದ್ದು ಹೇಳ್ರಿ.

ಬೀದರದವ:
ಮನೆತನ ಅಂದ ಮ್ಯಾಲ ನಮ್ಮನ್ನ ಬಿಟ್ರ ಹ್ಯಾಂಗ ಅಣ್ಣಾ 😄 ಭೀಮಣ್ಣ ಖಂಡ್ರೆ, ಆಮ್ಯಾಲ ಈಶ್ವರ ಖಂಡ್ರೆ, 2024ಕ್ಕ ಅವರ ಮಗ ಸಾಗರ್ 26ನೇ ವಯಸ್ಸಿಗೇ ಎಂಪಿ. ಆದ್ರ ಗೆಲ್ಸಿದ್ದು ಜನಾನೇ ಅಲ್ಲ? 2023ರಾಗ ಜಿಲ್ಲಾದ 6 ಸೀಟಿನಾಗ 4 ಬಿಜೆಪಿಗಿ ಹೋಗಿದ್ವು, ಒಂದೇ ವರ್ಷದಾಗ ಎಲ್ಲಾ ಉಲ್ಟಾ.

ಶಹಾಬಾದ ಅಕ್ಕ:
ನೀವು ಗಂಡಸ್ರು ಟಿಕೆಟ್ ಟಿಕೆಟ್ ಅಂತೀರಿ, ನನ್ನ ಟಿಕೆಟ್ ಬ್ಯಾರೆ. ದಿನಾ ಕಲಬುರಗಿಗಿ ಬಸ್ಸಿಗಿ ಹೋಗ್ತೀನಿ, 2023ರ ಜೂನ್‌ದಿಂದ ಝೀರೋ ಟಿಕೆಟ್, ಉಳಿದ ರೊಕ್ಕದಾಗ ಮಗಳ ಟ್ಯೂಷನ್ ಫೀ ನಡಿತದ, ಇದನ್ನ ಬಿಟ್ಟಿ ಭಾಗ್ಯ ಅಂದ್ರ ನನಗ ಸಿಟ್ಟು ಬರ್ತದ. ಆದ್ರ ಮುಂಜಾನಿ ಬಸ್ಸಿನಾಗ ಕಾಲ್ ಇಡ್ಲಕ ಜಾಗ ಇಲ್ಲ, ಕಾಲೇಜ್ ಹುಡುಗ್ರು ಬಾಗಲಾಗೇ ಜೋತು ಬಿದ್ದಿರ್ತಾರ, ಕಂಡಕ್ಟರ್ ನಡುವ ಸಿಕ್ಕೊಂಡು ಅಲ್ಲಿಂದೇ ಟಿಕೆಟ್ ಪಾಸ್ ಮಾಡ್ತಾನ. ಫ್ರೀ ಮಾಡೋದು ಬರ್ತದ, ಬಸ್ ಹೆಚ್ಚಿಗಿ ಬಿಡೋದು ಬರಲ್ಲ. ಈ ಪಾರ್ಟಿದು ಎಲ್ಲಾ ಹಿಂಗೇ, ಅರ್ಧಕ್ಕ ನಿಂದರ್ತದ.

ಗುರುಮಠಕಲ್ ಕಾಕಾ:
ತಮ್ಮಾ, 371(ಜೆ) ಯಾರೋ ಒಬ್ರು ಕೊಟ್ಟ ಪ್ರಸಾದ ಅಲ್ಲ. ವೈಜನಾಥ ಪಾಟೀಲ್ರು ಎಷ್ಟು ವರ್ಷ ಹೋರಾಟ ಮಾಡ್ಯಾರ ನಾ ಕಣ್ಣಾರೆ ನೋಡೀನಿ. ದಿಲ್ಲಿಯೊಳಗ ಕುಂತು ಅದನ್ನ ಪಾಸ್ ಮಾಡಿಸಿದ್ದು ಖರ್ಗೆ ಅವರು, ಅದನ್ನೂ ಇಲ್ಲ ಅನ್ನಂಗಿಲ್ಲ. ಅವರು 1972ರಿಂದ ಸಾಲಾಗಿ 8 ಸಲ ಗೆದ್ದ ಕ್ಷೇತ್ರ ಇದು. ಈಗ ನೋಡು, 2018ರಾಗೂ 2023ರಾಗೂ ಜೆಡಿಎಸ್. ಯಾಕ? ಊರಾಗಿನ ಹುಡುಗ್ರು ಗೌಂಡಿ ಕೆಲಸಕ್ಕ ಪುಣೆ ಬೆಂಗಳೂರು ಹೊಂಟಾರ, ದೀಪಾವಳಿಗಿ ಬಂದು ಹೋಗ್ತಾರ. ಲೀಡರ್ ದೊಡ್ಡವ್ರಾದ್ರು, ಊರು ಇದ್ದಲ್ಲೇ ಉಳೀತು ಅಂತ ಜನರಿಗಿ ಅನ್ನಿಸ್ಯಾದ.

ತೊಗರಿಹೊಲ:
ಕಾಕಾ, ಅದೆಲ್ಲಾ ಖರೇ. ಕಡಿಗಿ ನೀವ್ ಯಾರಿಗಿ ಹಾಕಿದ್ರಿ?

ಗುರುಮಠಕಲ್ ಕಾಕಾ:
ನಿಮ್ಮ ಕಾಕಿಗೇ ಹೇಳಿಲ್ಲ ಬಿಡೋ