ಬೆನ್ನಿನ ನಡುಭಾಗದ ಬಿಗಿತಕ್ಕೆ ಯಾವ ವ್ಯಾಯಾಮ ಸೂಕ್ತ?

ಪ್ರಶ್ನೆ: ದಿನವಿಡೀ ಕಂಪ್ಯೂಟರ್ ಮುಂದೆ ಕುಳಿತು ಕೆಲಸ ಮಾಡುವ ನನಗೆ ಸಂಜೆಯ ಹೊತ್ತಿಗೆ ಬೆನ್ನಿನ ನಡುಭಾಗ ಹಲಗೆ ಕಟ್ಟಿದಂತೆ ಬಿಗಿಯುತ್ತದೆ. ಸೊಂಟದಲ್ಲಿ ನೋವಿಲ್ಲ. ಮನೆಯಲ್ಲೇ ಮಾಡಬಹುದಾದ ವ್ಯಾಯಾಮಗಳನ್ನು ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1: ಆ ಭಾಗದ 12 ಕಶೇರುಗಳಿಗೆ (ಬೆನ್ನುಮೂಳೆಯ ಮಣಿಗಳಿಗೆ) ಪಕ್ಕೆಲುಬುಗಳು ಜೋಡಿಕೊಂಡಿರುವುದರಿಂದ ಅದು ಸೊಂಟದಷ್ಟು ಸುಲಭವಾಗಿ ಹಿಂದಕ್ಕೆ ಬಾಗುವುದಿಲ್ಲ, ಗಂಟೆಗಟ್ಟಲೆ ಮುಂದಕ್ಕೆ ಬಾಗಿ ಕುಳಿತರಂತೂ ಇನ್ನಷ್ಟು ಬಿಗಿಯುತ್ತದೆ. ಮಾರ್ಜಾಲಾಸನದಿಂದ ಆರಂಭಿಸಿ. ಅಂಗೈ ಮತ್ತು ಮಂಡಿಗಳನ್ನು ನೆಲಕ್ಕೂರಿ, ಉಸಿರು ಬಿಡುತ್ತಾ ಬೆನ್ನನ್ನು ಕಮಾನಿನಂತೆ ಮೇಲಕ್ಕೆತ್ತಿ, ಉಸಿರೆಳೆದುಕೊಳ್ಳುತ್ತಾ ನಿಧಾನವಾಗಿ ಕೆಳಗಿಳಿಸುವುದನ್ನು 8ರಿಂದ 10 ಬಾರಿ ಮಾಡಿ. ಬಳಿಕ ಹಿಮ್ಮಡಿಗಳ ಮೇಲೆ ಕುಳಿತು ಮುಂದಕ್ಕೆ ಬಾಗಿ ಹಣೆಯನ್ನು ನೆಲಕ್ಕೆ ತಾಗಿಸುವ ಬಾಲಾಸನದಲ್ಲಿ ಅರ್ಧ ನಿಮಿಷ ವಿಶ್ರಮಿಸಿ.

ಉತ್ತರ 2: ನನಗೆ ಹೆಚ್ಚು ನೆರವಾದದ್ದು ಸುರುಳಿ ಸುತ್ತಿದ ದಪ್ಪ ಟವೆಲ್. ಅದನ್ನು ಹೆಗಲಿನ ಎಲುಬುಗಳ ಕೆಳಗೆ ಅಡ್ಡಲಾಗಿ ಇರಿಸಿ, ಮಂಡಿ ಮಡಚಿ, ಅಂಗಾತ ಮಲಗಿ, ತಲೆಗೆ ಕೈಗಳ ಆಸರೆ ಕೊಟ್ಟು ಒಂದು ನಿಮಿಷ ದೀರ್ಘವಾಗಿ ಉಸಿರಾಡಬೇಕು. ಸೊಂಟದ ಕೆಳಗೆ ಮಾತ್ರ ಇಡಬೇಡಿ.

ಉತ್ತರ 3: ಹಿತವಾದ ಸೆಳೆತವಷ್ಟೇ ಇರಬೇಕು, ಚುಚ್ಚುವ ನೋವು ಬಂದರೆ ಅಲ್ಲಿಗೇ ನಿಲ್ಲಿಸಿ. ಎದೆನೋವು, ಜ್ವರ ಅಥವಾ ಕಾಲುಗಳಲ್ಲಿ ಮರಗಟ್ಟುವಿಕೆ ಕಂಡುಬಂದರೆ ವ್ಯಾಯಾಮವನ್ನು ಬದಿಗಿಟ್ಟು ತಡಮಾಡದೆ ವೈದ್ಯರನ್ನು ಕಾಣಿರಿ.